ಬಗರ್‌ಹುಕುಂ ಹಾಡುಗಳ ಸದಾಶಿವಪ್ಪ

ಸೊರಬದ ತಾಲ್ಲೂಕು ಕಚೇರಿಯ ಎದುರು ಪತ್ರ ಬರೆಯುವವರ ಸಾಲಿನಲ್ಲಿ ಏಳು ಜನ ಕೂರುತ್ತಿದ್ದರು. ಅವರಲ್ಲಿ ಆರು ಜನ ಕಣ್ಣಿನಿಂದ ಬದುಕುತ್ತಿದ್ದರು, ಸದಾಶಿವಪ್ಪನವರು ಮಾತ್ರ ಕಿವಿಯಿಂದ. ಆ ಕಿವಿಯ ಬಗ್ಗೆ ಉತ್ಪ್ರೇಕ್ಷೆ ಮಾಡುವುದು ನನಗೆ ಇಷ್ಟವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಶಿಕಾರಿಪುರದಲ್ಲಿ ಯಾರಾದರೂ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆಗೆದರೆ ಇವರು ಸೊರಬದಲ್ಲಿ ಬರೆಯುತ್ತಿದ್ದ ಕ್ರಯಪತ್ರ ನಿಲ್ಲಿಸಿ, "ಎರಡನೇ ಕರಿಮನೆ ಗಾಳಿ ಸೋರ್ತಾ ಇದೆ" ಎನ್ನುತ್ತಿದ್ದರು. ಸೊಳ್ಳೆ ಕಿವಿಯ ಹತ್ತಿರ ಬಂದರೆ ಉಳಿದವರು ಹೊಡೆಯುತ್ತಾರೆ. ಇವರು ಅದರ ಶ್ರುತಿ ಯಾವುದೆಂದು ಗೊತ್ತಾಗುವವರೆಗೆ ಕಾದು, ಆಮೇಲೆ ಹೊಡೆಯುತ್ತಿದ್ದರು.

ಅವರ ಟೈಪ್‌ರೈಟರ್ ಕೂಡ ತಾಳ ಬಿಟ್ಟು ಹೊಡೆಯುತ್ತಿರಲಿಲ್ಲ. ಕ್ರಯಪತ್ರ ಆದಿತಾಳದಲ್ಲಿ, ಅಡಮಾನ ವಿಳಂಬದಲ್ಲಿ, ಐದು ಜನ ಅಣ್ಣತಮ್ಮಂದಿರ ಭಾಗಪತ್ರವಾದರೆ ಖಂಡಛಾಪು. ಸಾಲಿನಲ್ಲಿ ದೂರ ಕುಳಿತವರಿಗೂ ಯಾರ ಮನೆ ಒಡೆಯುತ್ತಿದೆ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು.

ಹೀಗಿದ್ದ ಮನುಷ್ಯನಿಗೆ ಸಿನಿಮಾ ಹಾಡೆಂದರೆ ಆಗದು. ರೇಡಿಯೋದ ಹಾಡಿಗೂ ಅವರ ಮನಸ್ಸು ಅಷ್ಟಕ್ಕಷ್ಟೇ. ಯಾಕೆಂದು ಕೇಳಿದರೆ ಅವರ ವೃತ್ತಿಯ ಭಾಷೆಯಲ್ಲೇ ಉತ್ತರ ಬರುತ್ತಿತ್ತು.

"ನೋಡಯ್ಯ, ಸಿನಿಮಾ ಹಾಡು ಅಂದ್ರೆ ಪಟ್ಟಾ ಜಮೀನು. ಕಾಗದ ಪತ್ರ ಎಲ್ಲ ಸರಿ ಇರುತ್ತೆ, ಬೇಲಿನೂ ಇರುತ್ತೆ. ರೇಡಿಯೋ ಹಾಡು ಇನಾಂ ಜಮೀನು, ಯಾರೋ ದೊಡ್ಡೋರು ಕೊಟ್ಟಿದ್ದು. ಯಾರ ಅಪ್ಪಣೆನೂ ಇಲ್ದೆ, ತನ್ನ ಪಾಡಿಗೆ ತಾನು ಒಬ್ಬ ಹಾಡ್ಕೋತಾನಲ್ಲ, ಅದು ಬಗರ್‌ಹುಕುಂ. ಅದ್ರಾಗೆ ಬೆಳೆ ಬಂದ್ರೆ ಅದು ನೋಡು ಬೆಳೆ."

ಬಗರ್‌ಹುಕುಂ ಎಂದರೆ ಹುಕುಂ ಇಲ್ಲದ್ದು. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉತ್ತುಕೊಂಡು ಬಂದವರು, ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಕೊಟ್ಟು ಕಾಯುತ್ತಿದ್ದ ಕಾಲ ಅದು. ತೊಂಬತ್ತೊಂದರಲ್ಲಿ ಅಂಥ ಅರ್ಜಿಗಳು ಎಷ್ಟು ಬಂದವೆಂದರೆ, ಸದಾಶಿವಪ್ಪನವರ ಟೈಪ್‌ರೈಟರಿನಲ್ಲಿ 'ಬ' ಅಕ್ಷರ ಸವೆದು 'ಒ' ಆಗಿತ್ತು.

ವರ್ಷವೆಲ್ಲ ಅವರು ಎರಡು ತಾಲ್ಲೂಕು ಸುತ್ತಿ ಇಂಥ ಬಗರ್‌ಹುಕುಂ ಹಾಡುಗಳನ್ನು ಕೇಳುತ್ತಿದ್ದರು. ಊರಿನ ಹುಡುಗರು ತಾವೇ ತುಂಬಿಸಿದ ಕ್ಯಾಸೆಟ್ಟು, ಆರ್ಕೆಸ್ಟ್ರಾದವರು ಸಿನಿಮಾ ಹಾಡುಗಳ ನಡುವೆ ಕದ್ದು ಹಾಡುವ ಸ್ವಂತ ಹಾಡು, ಭಜನೆಯವರ ಹೊಸ ಧಾಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಜನವರಿ ಒಂದನೇ ತಾರೀಖು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಈಶ್ವರನ ಕ್ಯಾಸೆಟ್ ಅಂಗಡಿಯ ಬಾಗಿಲಿಗೆ ಒಂದು ಹಾಳೆ ಅಂಟುತ್ತಿತ್ತು. ಹಿಂದಿನ ವರ್ಷದ ಹತ್ತು ಶ್ರೇಷ್ಠ ಹಾಡುಗಳ ಪಟ್ಟಿ. ಅದನ್ನು ಅವರು ಬರೆಯುತ್ತಿದ್ದದ್ದು ಪಹಣಿಯ ನಮೂನೆಯಲ್ಲಿ. ಕ್ರಮ ಸಂಖ್ಯೆ, ಹಾಡಿನ ಹೆಸರು ಮತ್ತು ಗ್ರಾಮ, ಹಕ್ಕುದಾರರ ಹೆಸರು, ಸಾಗುವಳಿದಾರರ ಹೆಸರು, ಕೊನೆಗೆ ಷರಾ. ಹಕ್ಕುದಾರ ಎಂದರೆ ಹಾಡು ಕಟ್ಟಿದವನು, ಸಾಗುವಳಿದಾರ ಎಂದರೆ ಹಾಡುವವನು. ಷರಾದಲ್ಲಿ ಸದಾಶಿವಪ್ಪನವರ ಅಭಿಪ್ರಾಯ.

ಪಟ್ಟಿ ಓದಲು ಶಿಕಾರಿಪುರದಿಂದ ಜನ ಬರುತ್ತಿದ್ದರು. ಹತ್ತನೇ ನಂಬರ್ ಸಿಕ್ಕವರು ಸಿಹಿ ಹಂಚುತ್ತಿದ್ದರು, ಹನ್ನೊಂದನೆಯವರು ಆರು ತಿಂಗಳು ಸೊರಬದ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಎಂಟು ವರ್ಷ ಹೀಗೆ ನಡೆಯಿತು. ಎಂಟು ವರ್ಷದಲ್ಲಿ ಪಟ್ಟಿಯ ಮೇಲೆ ಒಂದು ಕಾಟು ಇಲ್ಲ, ತಿದ್ದಿದ್ದಿಲ್ಲ. ಆ ಹೆಮ್ಮೆಯಲ್ಲಿ ಒಂದು ದಿನ ಈಶ್ವರನ ಅಂಗಡಿಯಲ್ಲಿ ಹತ್ತು ಜನರ ಎದುರು ಹೇಳಿಯೂ ಬಿಟ್ಟಿದ್ದರು.

"ನನ್ನ ಪಟ್ಟಿಗೆ ತಿದ್ದುಪಡಿ ಬಿದ್ದ ದಿನ ಪಟ್ಟಿ ನಿಲ್ಲಿಸ್ತೀನಿ. ಬರೆದಿಟ್ಕೊ."

ಈಶ್ವರ ಒಂದು ಖಾಲಿ ಕ್ಯಾಸೆಟ್ಟಿನ ಕವರಿನ ಮೇಲೆ ನಿಜವಾಗಿಯೂ ಬರೆದಿಟ್ಟುಕೊಂಡ.

ತೊಂಬತ್ತೇಳರ ಪಟ್ಟಿಗೆ ಬಹಳ ಪೈಪೋಟಿ ಇತ್ತು. ಶಿಕಾರಿಪುರದ ಕಾಲೇಜಿನ ಮೈತ್ರಿ ಎಂಬ ಹುಡುಗಿ ನಾಲ್ಕೇ ತಂತಿ ಉಳಿದಿದ್ದ ಗಿಟಾರ್ ಹಿಡಿದು ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಒಂದು ಹಾಡು ಕಟ್ಟಿದ್ದಳು. ಕೇಳಿದವರು ಮೂರು ದಿನ ಉಪ್ಪಿಟ್ಟು ಮುಟ್ಟುತ್ತಿರಲಿಲ್ಲ, ಹಾಡಿಗೆ ಅಷ್ಟು ಶಕ್ತಿ. ಖಾಸಗಿ ಬಸ್ಸಿನ ಕಂಡಕ್ಟರ್ ಯೋಗೇಶ ಸೊರಬದಿಂದ ಶಿಕಾರಿಪುರದವರೆಗಿನ ಸ್ಟಾಪುಗಳನ್ನೆಲ್ಲ ರಾಗವಾಗಿ ಪೋಣಿಸಿದ್ದ. ಜನ ಹಾಡು ಮುಗಿಯಲಿ ಎಂದು ತಮ್ಮ ಊರು ದಾಟಿ ಹೋಗಿ ನಡೆದುಕೊಂಡು ವಾಪಸು ಬರುತ್ತಿದ್ದರು.

ಅಷ್ಟರಲ್ಲಿ ಬಂತು 'ಚನ್ನೇಶ್ ಮತ್ತು ಸಂಗಡಿಗರು' ಎಂಬ ಕ್ಯಾಸೆಟ್ಟು. ಚನ್ನೇಶ್ ಶಿಕಾರಿಪುರದ ದಿನಸಿ ವ್ಯಾಪಾರಿ ಮಲ್ಲೇಶಪ್ಪನವರ ಮಗ, ಆರ್ಕೆಸ್ಟ್ರಾದಲ್ಲಿ ಹಾಡುವವನು. ಸಂಗಡಿಗರು ಅಂದರೆ ತಮಟೆ ಬಡಿಯುವ ಒಬ್ಬನೇ ಒಬ್ಬ. ಅಪ್ಪನ ಗೋಡೌನಿನಲ್ಲಿ ಮೂಟೆಗಳ ನಡುವೆ ಕೂತು ತುಂಬಿಸಿದ ಕ್ಯಾಸೆಟ್ಟು. ಎರಡನೇ ಹಾಡಿನ ಮಧ್ಯೆ ಯಾರೋ "ಬೆಲ್ಲ ಎಲ್ಲೈತಿ" ಎಂದು ಕೇಳುವುದೂ ಅದರಲ್ಲಿ ಇದೆ. ಆದರೆ ಮೊದಲನೇ ಹಾಡು 'ದಿಬ್ಬದ ಹೊಲ' ಶುರುವಾದ ಕೂಡಲೇ ಸದಾಶಿವಪ್ಪನವರು ಬಾಯಿಗೆ ಹಾಕಿದ್ದ ಎಲೆಅಡಿಕೆ ಅಗಿಯುವುದನ್ನು ಮರೆತರು. ಸಂಜೆವರೆಗೂ ಅದು ಹಾಗೇ ಇತ್ತು.

ಒಂದು ಹೊಲದ ನಾಲ್ಕು ದಿಕ್ಕನ್ನು ಹೇಳುವ ಹಾಡು ಅದು. ಪತ್ರ ಬರೆಯುವವರ ಮಾತಿನಲ್ಲಿ ಹೇಳುವುದಾದರೆ ಚಕ್ಕುಬಂದಿ. ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು ಎಂದು ಸದಾಶಿವಪ್ಪನವರು ಮೂವತ್ತು ವರ್ಷ ಬೆರಳು ಸವೆಸಿದ್ದನ್ನು ಒಬ್ಬ ಹುಡುಗ ರಾಗದಲ್ಲಿ ಹಾಡುತ್ತಿದ್ದ.

ಮೂಡಲಾಗೆ ಹುಣಸೆ, ಮುಪ್ಪಿನ ಮರವೇ
ಪಡುವಲಾಗೆ ಕಾಲುವೆ, ಪಾದವ ತೊಳೆವೆ
ಹೊತ್ತು ವಾಲಿದರೆ ಹುಣಸೆ ನೆರಳು ಹೊಲಕೆ ಬಂತವ್ವಾ
ತೆಂಕಲಾಗೆ ಬರೆದ ಕಲ್ಲು, ತಲೆಯ ಸವರುವೆ

ಇಲ್ಲಿಗೆ ಮೂರು ದಿಕ್ಕಾಯಿತು. ಉತ್ತರಕ್ಕೆ ಬಂದ ಕೂಡಲೇ ಚನ್ನೇಶ್ "ಲಾ ಲಲ ಲಾ" ಎಂದು ಹಾಡಿ ಮುಗಿಸಿದ್ದ. ಸದಾಶಿವಪ್ಪನವರ ಕಣ್ಣಲ್ಲಿ ನೀರು ಬಂತು. ಷರಾ ಅಂಕಣದಲ್ಲಿ ಅವರು ಬರೆದದ್ದು ಹೀಗೆ: 'ಉತ್ತರ ದಿಕ್ಕಿಗೆ ಮಾತು ಇಡದೆ ಬಯಲಾಗಿ ಬಿಟ್ಟಿರುವುದು ಗಾಯಕನ ಎದೆಗಾರಿಕೆ.'

ಏನೋ ಒಂದು ಕಿವಿಗೆ ಕುಟುಕುತ್ತಿತ್ತು ನಿಜ. ಹೆಂಡತಿ ಅಕ್ಕನಾಗಮ್ಮನ ಹತ್ತಿರ ಅಂದೂ ಇದ್ದರು.

"ಹಾಡು ಚಿನ್ನ. ಆದ್ರೆ ಎಲ್ಲೋ ಚಕ್ಕುಬಂದಿ ಸರಿ ಕೂತಿಲ್ಲ ಅನ್ಸುತ್ತೆ."

"ನಿಮ್ಗೆ ನನ್ನ ಕುಕ್ಕರ್ ಸೀಟಿಲೂ ಚಕ್ಕುಬಂದಿ ಕಾಣುತ್ತೆ. ಊಟಕ್ಕೆ ಬನ್ನಿ" ಎಂದಳು ಆಕೆ.

ಊಟಕ್ಕೆ ಹೋದರು. ಕುಟುಕಿದ್ದು ಮರೆತುಹೋಯಿತು. ಒಂದನೇ ನಂಬರ್ ಚನ್ನೇಶನಿಗೆ, ಎರಡನೆಯದು ಉಪ್ಪಿಟ್ಟಿಗೆ.

ಪಟ್ಟಿ ಅಂಟಿದ ಎರಡನೇ ದಿನ ಹೊಸಬಾಳೆಯ ಹೂವಪ್ಪ ಎಂಬಾತ ಬಸ್ಸಿಗೆ ಕಾಯುತ್ತ ನಿಂತಿದ್ದ. ಅವನು ಓದುವ ಕ್ರಮ ಏನೆಂದರೆ ದೊಡ್ಡ ಅಕ್ಷರ ಪೂರ್ತಿ, ಸಣ್ಣ ಅಕ್ಷರ ಬೇಕಾದಷ್ಟು. ದೊಡ್ಡ ಅಕ್ಷರದಲ್ಲಿ 'ಬಗರ್‌ಹುಕುಂ ಪಟ್ಟಿ' ಎಂದಿತ್ತು. ಅದರ ಕೆಳಗೆ: '1. ದಿಬ್ಬದ ಹೊಲ. ಹಕ್ಕುದಾರರು: ಚನ್ನೇಶ್ ಬಿನ್ ಮಲ್ಲೇಶಪ್ಪ, ಶಿಕಾರಿಪುರ. ಸಾಗುವಳಿದಾರರು: ಸದರಿಯವರೇ.' ಹೂವಪ್ಪನಿಗೆ ಅಷ್ಟು ಸಾಕಾಯಿತು. ಕಚೇರಿಯ ಬೋರ್ಡಿನಲ್ಲಿ ಜಾಗ ಸಾಲದೆ ಇಲ್ಲಿ ಅಂಟಿಸಿದ್ದಾರೆ ಎಂದುಕೊಂಡ. ಬಸ್ಸು ತಡವಾಗುತ್ತದೆಂದು ಓಡಿಯೇ ಊರು ಸೇರಿದ. ದಾರಿಯಲ್ಲಿ ಆ ಬಸ್ಸನ್ನು ಎರಡು ಸಲ ಹಿಂದೆ ಹಾಕಿದನಂತೆ.

ದಿಬ್ಬದ ಹೊಲ ಎಂದರೆ ಹೊಸಬಾಳೆಯಲ್ಲಿ ಇರುವುದು ಒಂದೇ. ಎರಡು ಎಕರೆ ಸರ್ಕಾರಿ ಜಾಗ. ಅದನ್ನು ಹುಲಿಗೆಮ್ಮ ಮತ್ತವಳ ಗಂಡ ರಂಗಪ್ಪ ಹದಿನೆಂಟು ವರ್ಷದಿಂದ ಉಳುತ್ತಿದ್ದರು. ಕಲ್ಲು ಆಯ್ದದ್ದು, ಬದು ಹಾಕಿದ್ದು, ಅರ್ಜಿ ಕೊಟ್ಟು ಏಳು ವರ್ಷ ಕಾದದ್ದು ಎಲ್ಲ ಅವಳೇ. ಅದು ಈಗ ಶಿಕಾರಿಪುರದ ಸಾಹುಕಾರನ ಮಗನ ಪಾಲಾಯಿತು ಎಂಬ ಸುದ್ದಿ ಬಂದಾಗ ಅವಳು ಹುರುಳಿ ಕೊಯ್ಯುತ್ತಿದ್ದಳು. ಕುಡುಗೋಲು ಕೆಳಗಿಡಲಿಲ್ಲ. ಜೊತೆಯಲ್ಲಿದ್ದ ಆರು ಹೆಂಗಸರೂ ಇಡಲಿಲ್ಲ. ಹಾಗೇ ಬಸ್ಸು ಹತ್ತಿದರು. ಆವತ್ತು ಆ ಬಸ್ಸಿನಲ್ಲಿ ಟಿಕೆಟ್ ಕೇಳಲು ಕಂಡಕ್ಟರ್ ಯೋಗೇಶನಿಗೆ ದನಿಯೇ ಹೊರಡಲಿಲ್ಲ, ಹಾಡು ದೂರದ ಮಾತು.

ಏಳು ಕುಡುಗೋಲು ಸಾಲಿಗೆ ಬಂದು ನಿಂತಾಗ ಉಳಿದ ಆರು ಪತ್ರ ಬರಹಗಾರರಿಗೂ ಒಂದೇ ಸಲ ಟೀ ಕುಡಿಯಬೇಕು ಅನ್ನಿಸಿತು. ಸದಾಶಿವಪ್ಪನವರೊಬ್ಬರೇ ಉಳಿದರು.

"ಸದಾಶಿವಪ್ಪನೋರೆ, ಯಾರ್ರೀ ಅವ್ನು ಮಲ್ಲೇಶಪ್ಪನ ಮಗ?"

"ಶಿಕಾರಿಪುರದ ಹುಡುಗ. ಯಾಕೆ ಹುಲಿಗೆಮ್ಮ?"

"ಅವನಿಗೆ ಕಳೆ ಕೀಳಾಕೆ ಬರ್ತದಾ?"

"ಕಳೆ ಯಾವ್ದು ಪೈರು ಯಾವ್ದು ಅಂತ ಗೊತ್ತಾಗೋದೇ ಅನುಮಾನ. ತಕ್ಕಡಿ ಹಿಡಿದು ಬೆಳೆದೋನು."

"ಮತ್ತೆ ದಿಬ್ಬದ ಹೊಲ ಅವನ ಹೆಸರಿಗೆ ಹೆಂಗೆ ಬಂತು? ನಂದು ಅರ್ಜಿ ಬರೆದ ಕೈ ನಿಮ್ದು. ಅವನಿಗೆ ಒಂದನೇ ನಂಬರ್ ಬರೆದ ಕೈನೂ ನಿಮ್ದೇ ಅಂತೆ. ಒಂದು ಕೈಯಾಗೆ ಎಷ್ಟು ಬುದ್ಧಿ ಇಟ್ಕೊಂಡೀರಿ?"

ಸದಾಶಿವಪ್ಪನವರಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಕೂಡಲೇ ಅವರು ನಕ್ಕರು. ಏಳು ಕುಡುಗೋಲಿನ ಎದುರು ನಗಬಲ್ಲ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ.

"ತಾಯಿ, ಅದು ಹೊಲ ಅಲ್ಲ, ಹಾಡು. ಹಾಡಿನ ಹೆಸರು ದಿಬ್ಬದ ಹೊಲ. ನಿನ್ನ ಹೊಲ ಎಲ್ಲಿತ್ತೋ ಅಲ್ಲೇ ಇದೆ, ನಿನ್ನ ಅರ್ಜಿನೂ ಎಲ್ಲಿತ್ತೋ ಅಲ್ಲೇ ಇದೆ."

"ಹಾಡಿಗೂ ಪಹಣಿ ಮಾಡ್ತೀರಾ?" ಎಂದಳು ಹಿಂದಿದ್ದ ಲೋಕಮ್ಮ.

"ಇವ್ರು ಮಾಡ್ತಾರೆ. ನಾಳೆ ನಿನ್ನ ಗೊರಕೆಗೂ ಸರ್ವೆ ನಂಬರ್ ಕೊಡ್ತಾರೆ" ಎಂದಳು ಇನ್ನೊಬ್ಬಳು. ಹೆಂಗಸರು ನಕ್ಕರು. ಕುಡುಗೋಲುಗಳು ಸೆರಗಿನ ಒಳಗೆ ಹೋದವು.

ಹುಲಿಗೆಮ್ಮ ಮಾತ್ರ ನಗಲಿಲ್ಲ. "ನನ್ನ ಹೊಲದ ಹೆಸರಿಟ್ಕೊಂಡಿರೋ ಹಾಡು ಯಾವ್ದು, ಕೇಳಿಸ್ರಿ ನೋಡಾನ" ಎಂದಳು.

ಈಶ್ವರನ ಅಂಗಡಿಗೆ ಹೋದರು. ಕ್ಯಾಸೆಟ್ಟು ಎರಡನೇ ಹಾಡಿನಲ್ಲಿ ನಿಂತಿತ್ತು. ಈಶ್ವರ ಪೆನ್ನು ತೂರಿಸಿ ಹಿಂದಕ್ಕೆ ಸುತ್ತಿ ಹಾಕಿದ. ತಮಟೆ ಬಂತು, ಹಾಡು ಬಂತು. ಮೊದಲನೇ ಸಾಲಿಗೆ ಲೋಕಮ್ಮ ಹುಲಿಗೆಮ್ಮನ ಮುಖ ನೋಡಿದಳು. ಎರಡನೇ ಸಾಲಿಗೆ ಆರೂ ಜನ ನೋಡಿದರು.

"ನಿಲ್ಸ್ರಿ" ಎಂದಳು ಹುಲಿಗೆಮ್ಮ. "ಇದು ನನ್ನ ಪದ. ಕಳೆ ಕೀಳುವಾಗ ನಾನು ಕಟ್ಟಿದ್ದು. ಆದ್ರೆ ನನ್ನ ಸೀರೆ ಅವ್ನು ತಿರುವುಮುರುವು ಉಟ್ಕೊಂಡಾನೆ."

ಈಶ್ವರ ಕಪಾಟಿನಿಂದ ಆ ಕ್ಯಾಸೆಟ್ ಕವರು ತೆಗೆದು, ಅದರ ಮೇಲಿನ ಧೂಳನ್ನು ಬಹಳ ನಿಧಾನಕ್ಕೆ ಒರೆಸಿದ.

"ಇರಯ್ಯ" ಎಂದರು ಸದಾಶಿವಪ್ಪನವರು. ಮುಖದ ಮೇಲೆ ನಗು ಇರಲಿಲ್ಲ. "ಹುಲಿಗೆಮ್ಮ, ನಿನ್ನ ಪದ ನೀನು ಹಾಡು."

ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವಳು ಮೆಲ್ಲಗೆ ಹಾಡಿದಳು. ಅವಳದ್ದರಲ್ಲಿ ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಹುಣಸೆ. ಸದಾಶಿವಪ್ಪನವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹಣೆ ಚಚ್ಚಿಕೊಂಡರು. ಕಿವಿಗೆ ಕುಟುಕುತ್ತಿದ್ದದ್ದು ಇದೇ. ಹೊತ್ತು ವಾಲಿದರೆ ಸೂರ್ಯ ಪಶ್ಚಿಮಕ್ಕೆ ಇರುತ್ತಾನೆ, ನೆರಳು ಪೂರ್ವಕ್ಕೆ ಚಾಚುತ್ತದೆ. ಹುಣಸೆ ಪೂರ್ವದ ಅಂಚಿನಲ್ಲಿದ್ದರೆ ಸಂಜೆಯ ನೆರಳು ಪಕ್ಕದವನ ಹೊಲಕ್ಕೆ ಬೀಳಬೇಕು. ಚನ್ನೇಶನ ಹಾಡಿನಲ್ಲಿ ಅದು ಹೊಲದ ಒಳಕ್ಕೆ ಹೇಗೆ ಬಿತ್ತು?

ಆದರೆ ಒಬ್ಬರ ಹೇಳಿಕೆ ಕೇಳಿ ದಾಖಲೆ ಬದಲಾಯಿಸುವ ಜಾಯಮಾನ ಅವರದ್ದಲ್ಲ. ಪ್ರತಿವಾದಿಗೆ ನೋಟಿಸು ಹೋಗಬೇಕು. ಎಸ್‌ಟಿಡಿ ಬೂತಿನಿಂದ ಶಿಕಾರಿಪುರದ ದಿನಸಿ ಅಂಗಡಿಗೆ ಫೋನು ಹೋಯಿತು.

"ಚನ್ನೇಶ, ದಿಬ್ಬದ ಹೊಲ ಯಾರು ಕಟ್ಟಿದ್ದಪ್ಪ?"

"ನಾನಾ ಕಟ್ಟಿದ್ದು ಮಾವ. ಗೋಡೌನ್‌ನ್ಯಾಗ ಕುಂತು. ಯಾಕ್ರೀ, ಪ್ರೈಜ್ ಗೀಜ್ ಐತೇನು?"

"ಐತೆ. ಭಾನುವಾರ ಮಧ್ಯಾಹ್ನ ಹೊಸಬಾಳೆಗೆ ಬಾ. ಸ್ಥಳ ಪರಿಶೀಲನೆ ಇದೆ."

ಮನೆಯಲ್ಲಿ ಅಕ್ಕನಾಗಮ್ಮ ವಿಷಯವನ್ನೆಲ್ಲ ಕೇಳಿ, "ಅವಳದ್ದು ನಿಜ ಆದ್ರೆ ಪಟ್ಟಿ ನಿಲ್ಸ್ತೀರಾ?" ಎಂದಳು.

"ಮಾತು ಮಾತೇ."

"ಮತ್ತೆ ಇನ್ಮೇಲೆ ಆ ಕಿವಿ ಇಟ್ಕೊಂಡು ಏನ್ ಮಾಡ್ತೀರಿ?"

ಸದಾಶಿವಪ್ಪನವರು ಎದ್ದು ಹೋಗಿ ಟೈಪ್‌ರೈಟರಿನ ರಿಬ್ಬನ್ ಬದಲಾಯಿಸಿದರು. ಅದು ಬದಲಾಗಬೇಕಾಗಿಯೂ ಇರಲಿಲ್ಲ.

ಭಾನುವಾರ ದಿಬ್ಬದ ಹೊಲಕ್ಕೆ ಸೇರಿದ ಜನವನ್ನು ಎಣಿಸಲು ಹೋಗುವುದಿಲ್ಲ. ಅವರೆಲ್ಲ ಒಂದೊಂದು ಲೋಟ ನೀರು ಕುಡಿದಿದ್ದರೆ ಅಂಬ್ಲಿಗೊಳದ ಅಣೆಕಟ್ಟಿನ ತಳ ಕಾಣುತ್ತಿತ್ತು, ಅಷ್ಟು ತಿಳಿದರೆ ಸಾಕು. ದಕ್ಷಿಣದ ಅಂಚಿನಲ್ಲಿ ಅರ್ಧ ಹೂತ ಒಂದು ಶಾಸನದ ಕಲ್ಲಿತ್ತು. ಬಂದಳಿಕೆಯ ಹಳೇ ಗುಡಿಗಳ ಹತ್ತಿರ ಕಾಣುವಂಥದ್ದೇ. ಸದಾಶಿವಪ್ಪನವರು ಮೊದಲು ಅದರ ಹತ್ತಿರ ಹೋಗಿ ಕೈ ಮುಗಿದರು. ಅಂಥ ಕಲ್ಲುಗಳ ಮೇಲೆ ಭೂಮಿ ದಾನ ಬರೆದು, ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು ಕೆತ್ತಿದವರು ತಮ್ಮ ವೃತ್ತಿಯ ಹಿರಿಯರು, ಅವರಿಗೆ ಟೈಪ್‌ರೈಟರ್ ಇರಲಿಲ್ಲ ಅಷ್ಟೇ, ಎಂಬುದು ಅವರ ನಂಬಿಕೆ.

ಚನ್ನೇಶ್ ಕಪ್ಪು ಕನ್ನಡಕ ಹಾಕಿಕೊಂಡು ಸ್ಕೂಟರಿನಲ್ಲಿ ಬಂದ. ಗೋಣಿಚೀಲದಷ್ಟು ಧೈರ್ಯ ತಂದಿದ್ದ.

"ಎಲ್ಲೈತ್ರಿ ಮೈಕು?"

"ಮೈಕು ಬೇಡ. ಹೊಲದ ಮಧ್ಯ ನಿಂತ್ಕೊ. ಹಾಡ್ತಾ ಯಾವ ದಿಕ್ಕು ಹೇಳ್ತೀಯೋ ಆ ದಿಕ್ಕಿಗೆ ಕೈ ತೋರಿಸು" ಎಂದರು ಸದಾಶಿವಪ್ಪನವರು.

ಅವನು ಗಂಟಲು ಸರಿಮಾಡಿಕೊಂಡ. "ಮೂಡಲಾಗೆ ಹುಣಸೆ" ಎಂದು ಪೂರ್ವಕ್ಕೆ ಕೈ ಚಾಚಿದ. ಅಲ್ಲಿ ಕಾಲುವೆಯಲ್ಲಿ ಎರಡು ಎಮ್ಮೆ ಬಿದ್ದುಕೊಂಡಿದ್ದವು. ಒಂದು ಎಮ್ಮೆ ತಲೆ ಎತ್ತಿ ನೋಡಿತು.

"ಹುಣಸೆಗೆ ಕೊಂಬು ಬಂದಾವೆ" ಎಂದ ರಂಗಪ್ಪ.

ಚನ್ನೇಶ್ ಕನ್ನಡಕ ತೆಗೆದ. "ಪಡುವಲಾಗೆ ಕಾಲುವೆ" ಎಂದು ಪಶ್ಚಿಮಕ್ಕೆ ತಿರುಗಿದರೆ ಅಲ್ಲಿ ಆಕಾಶದ ಅರ್ಧ ತುಂಬಿಕೊಂಡು ಹುಣಸೆ ಮರ. ಅವನ ದನಿ ಸಣ್ಣಗಾಯಿತು. ಮೂರನೇ ಸಾಲಿಗೆ ಬರುವ ಹೊತ್ತಿಗೆ ನಿಜವಾಗಿಯೂ ಹೊತ್ತು ವಾಲಿತ್ತು, ಹುಣಸೆಯ ನೆರಳು ಹೊಲದೊಳಗೆ ಚಾಚಿ ಅವನ ಚಪ್ಪಲಿಯವರೆಗೆ ಬಂದಿತ್ತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಮುಂದೆ ಹಾಡು. ಉತ್ತರಕ್ಕೆ ಏನಿದೆ?"

"ಅಲ್ಲಿ ಲಾ ಲಲ ಲಾ, ಮಾವ."

"ಹುಲಿಗೆಮ್ಮ, ಈಗ ನೀನು."

ಅವಳು ಕೈ ತೋರಿಸಲಿಲ್ಲ. ಹದಿನೆಂಟು ವರ್ಷ ನೋಡಿದ್ದನ್ನು ಬೆರಳಿಟ್ಟು ತೋರಿಸುವ ಅಗತ್ಯ ಅವಳಿಗೇನು. ನಿಂತಲ್ಲೇ ನಿಂತು ಹಾಡಿದಳು.

ಮೂಡಲಾಗೆ ಕಾಲುವೆ, ಮೊಕವ ತೊಳೆಯುವೆ
ಪಡುವಲಾಗೆ ಹುಣಸೆ, ಪದವ ಹಾಡುವೆ
ಹೊತ್ತು ವಾಲಿದರೆ ಹುಣಸೆ ನೆರಳು ಹೊಲಕೆ ಬಂತವ್ವಾ
ತೆಂಕಲಾಗೆ ಬರೆದ ಕಲ್ಲು, ತಲೆಯ ಸವರುವೆ
ಬಡಗಲಾಗೆ ಬೇಲಿಯಿಲ್ಲ, ಬಂದರೆ ಕರೆಯುವೆ

ಕೊನೆಯ ಸಾಲು ಮುಗಿದಾಗ ಎಲ್ಲರೂ ಉತ್ತರಕ್ಕೆ ತಿರುಗಿ ನೋಡಿದರು. ಬೇಲಿ ಇರಲಿಲ್ಲ. ಆ ಕಡೆ ಮಣ್ಣಿನ ರಸ್ತೆ ಇತ್ತು, ರಸ್ತೆಯಲ್ಲಿ ಚನ್ನೇಶನ ಸ್ಕೂಟರು ನಿಂತಿತ್ತು.

ಚನ್ನೇಶ್ ಆ ರಸ್ತೆಯನ್ನೇ ನೋಡುತ್ತ, "ಹೋದ ವರ್ಷದ ಹಿಂದಿನ ವರ್ಷ ರಾಗಿ ತುಂಬಾಕ ಬಂದಿದ್ವಿ. ಅಲ್ಲೇ ಗಾಡಿ ಪಂಕ್ಚರ್ ಆಗಿತ್ತು" ಎಂದ. "ಇವ್ರು ಹಾಡ್ತಿದ್ರು. ಹುಣಸಿ ನನ್ನ ಬಲಕ್ಕಿತ್ತು, ಬಲಕ್ಕಿತ್ತು ಅಂತಷ್ಟಾ ನೆನಪು ಉಳೀತು. ನಕ್ಷೆದಾಗ ಬಲಕ್ಕ ಪೂರ್ವ ಅಲ್ರಿ, ಮೂಡಲ ಅಂತ ಹಾಡ್ದೆ. ಕಡೀ ಸಾಲಿಗೆ ಸರಿಯಾಗಿ ಡ್ರೈವರ್ ಟೈರ್ ಬಡಿಯಾಕ ಹತ್ತಿದ. ಅದೊಂದು ಕೇಳ್ಲಿಲ್ಲ."

"ಅದಕ್ಕೆ ಲಾ ಲಲ ಲಾ?"

"ಹೂನ್ರಿ."

ಎದೆಗಾರಿಕೆ ಎಂದು ಷರಾ ಬರೆದ ಸದಾಶಿವಪ್ಪನವರು ಶಾಸನದ ಕಲ್ಲಿನ ಕಡೆ ಮುಖ ತಿರುಗಿಸಿದರು.

ಹುಲಿಗೆಮ್ಮ ಅವನ ಹತ್ತಿರ ಹೋಗಿ ಮುಖವನ್ನು ದಿಟ್ಟಿಸಿದಳು. "ಆವತ್ತು ಎರಡು ಚೆಂಬು ಮಜ್ಜಿಗೆ ಕುಡಿದೋನು ನೀನೇ ಏನೋ?"

"ಮೂರು" ಎಂದ ಅವನು.

"ಕರೆದು ಕೊಟ್ಟಿದ್ದು ಯಾರು?"

"ನೀವಾ."

"ಹಂಗಾದ್ರೆ ಆ ಸಾಲು ಕೇಳ್ಲಿಲ್ಲ ಅಂತ ಯಾಕೆ ಅಂತೀಯ? ಕುಡಿದು ಹೋಗೀಯಲ್ಲ."

ಸದಾಶಿವಪ್ಪನವರು ಜೇಬಿನಿಂದ ಪೆನ್ನು ತೆಗೆದರು. "ಹುಲಿಗೆಮ್ಮ, ಇವನ ಹೆಸರು ಪೂರ್ತಿ ಹೊಡೆದು ಹಾಕ್ತೀನಿ. ಹಕ್ಕೂ ನಿಂದೇ, ಸಾಗುವಳಿನೂ ನಿಂದೇ."

"ಬೇಡ ಬಿಡ್ರಿ" ಎಂದಳು ಅವಳು. "ನಾನು ಸರ್ಕಾರದ ಹೊಲ ಹುಕುಂ ಇಲ್ದೆ ಉಳ್ತೀನಿ. ಇವ್ನು ನನ್ನ ಪದ ಹುಕುಂ ಇಲ್ದೆ ಹಾಡ್ತಾನೆ. ನನ್ನ ಎಬ್ಬಿಸಬೇಡಿ ಅಂತ ಅರ್ಜಿ ಕೊಟ್ಟೋಳು, ಇವನ್ನ ಎಬ್ಬಿಸ್ರಿ ಅಂತ ಯಾವ ಬಾಯಾಗೆ ಹೇಳ್ಲಿ? ಹಾಡ್ಕೊಳ್ಳಿ. ದಿಕ್ಕು ಸರಿಯಾಗಿ ಹಾಡ್ಲಿ, ಕಟ್ಟಿದೋಳು ಯಾರು ಅಂತ ಹೇಳಿ ಹಾಡ್ಲಿ."

ಚನ್ನೇಶ್ ಆವತ್ತು ಸೂರ್ಯ ಮುಳುಗುವವರೆಗೆ ಆ ಹೊಲದಲ್ಲಿ ನಿಂತು ಐದೂ ಸಾಲು ಕಲಿತ. ತಪ್ಪಿದಾಗೆಲ್ಲ ಲೋಕಮ್ಮ ಅವನ ಭುಜ ಹಿಡಿದು ಸರಿಯಾದ ದಿಕ್ಕಿಗೆ ತಿರುಗಿಸುತ್ತಿದ್ದಳು. ಮುಂದಿನ ಕ್ಯಾಸೆಟ್ಟಿನಲ್ಲಿ ಹಾಡಿಗೆ ಮೊದಲು ಅವಳ ಹೆಸರು ಹೇಳಿದ. ಎರಡು ಸಲ ಹೇಳಿದ.

ಸೋಮವಾರ ಬೆಳಿಗ್ಗೆ ಈಶ್ವರನ ಅಂಗಡಿಯ ಎದುರು ಹುಲಿಗೆಮ್ಮ ಬಂದು ನಿಂತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಎಲ್ಲಿ ಕೂರುತ್ತದೆ ಎಂದು ನೋಡಬೇಕಿತ್ತು, ಅಷ್ಟೇ. ಸದಾಶಿವಪ್ಪನವರು ಬಂದು ಯಾರನ್ನೂ ಮಾತಾಡಿಸದೆ ಪಟ್ಟಿಯ ಮೂಲೆಗೆ ಕೈ ಹಾಕಿದರು. ಅಂಟು ಬಿಡುವ ಸದ್ದು ಬಂತು.

"ಏನ್ ಮಾಡ್ತೀರಿ?"

"ತಿದ್ದುಪಡಿ ಬಿದ್ರೆ ನಿಲ್ಲಿಸ್ತೀನಿ ಅಂದಿದ್ದೆ. ನಿಲ್ಲಿಸ್ತೀನಿ."

"ಹೊಲಕ್ಕೊಂದು ಕಾಗದ ಏಳು ವರ್ಷ ಕಾದೀನಿ, ಬಂದಿಲ್ಲ. ಪದಕ್ಕೊಂದು ಬಂತು, ಅದನ್ನ ನೀವು ಹರಿತೀರಿ" ಎಂದಳು ಹುಲಿಗೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

ಸದಾಶಿವಪ್ಪನವರ ಕೈ ಅಲ್ಲೇ ನಿಂತಿತು. ಪತ್ರ ಬರೆಯುವವನ ತಲೆ ಮೂವತ್ತು ವರ್ಷದಲ್ಲಿ ಕಲಿತದ್ದನ್ನೆಲ್ಲ ಒಂದು ಸಲ ತಿರುವಿ ಹಾಕಿತು.

"ಈಶ್ವರ, ನಂಬರ್ ಬದಲಾಗಿದೆಯಾ?"

"ಇಲ್ಲ ಸದಾಶಿವಣ್ಣ. ಒಂದೇ."

"ಹಾಡು ಬೇರೆ ಆಗಿದೆಯಾ?"

"ಅದೇ ಹಾಡು. ಇನ್ನೊಂದು ದಿಕ್ಕು ಜಾಸ್ತಿ ಆಗಿದೆ."

"ಹಾಗಾದ್ರೆ ಇದು ತಿದ್ದುಪಡಿ ಅಲ್ಲ. ಖಾತೆ ಬದಲಾವಣೆ. ಖಾತೆ ಬದಲಾಯ್ತು ಅಂತ ಯಾರಾದ್ರೂ ಹೊಲ ಬಿಡ್ತಾರಾ?"

ಈಶ್ವರ ಕ್ಯಾಸೆಟ್ ಕವರನ್ನು ನೋಡಿದ. ಅದರಲ್ಲಿ ಖಾತೆ ಬದಲಾವಣೆಯ ಬಗ್ಗೆ ಏನೂ ಇರಲಿಲ್ಲ. ಒಪ್ಪಿಕೊಂಡ.

ಪಟ್ಟಿಯ ಮೂಲೆಯನ್ನು ಮತ್ತೆ ಅಂಟಿಸಿ, ಕೆಂಪು ಶಾಯಿಯಲ್ಲಿ ಬರೆದರು. 'ಹಕ್ಕುದಾರರು: ಹುಲಿಗೆಮ್ಮ ಕೋಂ ರಂಗಪ್ಪ, ಹೊಸಬಾಳೆ. ಸಾಗುವಳಿದಾರರು: ಹುಲಿಗೆಮ್ಮ, ಮತ್ತು ಆಕೆಯ ಒಪ್ಪಿಗೆಯಿಂದ ಚನ್ನೇಶ್.' ಷರಾದಲ್ಲಿ ಎದೆಗಾರಿಕೆಯ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿತು: 'ಸ್ಥಳಕ್ಕೆ ಹೋಗದೆ ಕಿವಿಯೊಂದನ್ನೇ ನಂಬಿ ಬರೆದದ್ದು ಬರಹಗಾರನ ತಪ್ಪು.' ಕೆಳಗೆ ಸಹಿ.

"ಓದ್ರಿ" ಎಂದಳು ಹುಲಿಗೆಮ್ಮ. ಅವರು ಓದಿದರು. ಅವಳು ತನ್ನ ಹೆಸರಿನ ಮೇಲೆ ಬೆರಳಿಟ್ಟು, ಮುಂದಕ್ಕೆ ಜಾರಿಸಿ ನಿಲ್ಲಿಸಿದಳು.

"ಇದೇನು, ಕೋಂ ರಂಗಪ್ಪ?"

"ನಿನ್ನ ಗಂಡನ ಹೆಸರು. ದಾಖಲೆಯಲ್ಲಿ ಹಾಗೇ ಬರೆಯೋದು."

"ಹೊಲಕ್ಕಾದ್ರೆ ಬರೀರಿ, ನೇಗಿಲು ಹಿಡಿದವ್ರೆ. ಪದದಾಗೆ ಒಂದು ಸಾಲೂ ಹಾಡಿಲ್ಲ ಅವ್ರು. ತೆಗೀರಿ."

ಸದಾಶಿವಪ್ಪನವರು ಈಶ್ವರನ ಮುಖ ನೋಡಿದರು. ಇದಕ್ಕೆ ಖಾತೆ ಬದಲಾವಣೆ ಎಂಬ ದಾರಿ ಇರಲಿಲ್ಲ. ಇದು ಅಪ್ಪಟ ತಿದ್ದುಪಡಿ. ಈಶ್ವರ ಕ್ಯಾಸೆಟ್ ಕವರನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ತುರುಕಿಕೊಂಡು, ಪಕ್ಕದ ಅಂಗಡಿಯ ಬಾಳೆಹಣ್ಣು ಎಷ್ಟು ಚೆನ್ನಾಗಿ ಹಣ್ಣಾಗಿವೆ ಎಂದು ನೋಡತೊಡಗಿದ.

ಕೆಂಪು ಗೆರೆ ಎರಡು ಪದಗಳ ಮೇಲೆ ಹಾದುಹೋಯಿತು. ಅಂಚಿನಲ್ಲಿ ಸದಾಶಿವಪ್ಪನವರು ಪತ್ರಗಳಲ್ಲಿ ಬರೆಯುವ ಹಾಗೆಯೇ ಬರೆದರು: 'ಎರಡು ಪದ ಹೊಡೆದಿದೆ, ಸರಿ.'

"ಈಗ ಓದ್ರಿ" ಎಂದಳು ಅವಳು.

"ಹುಲಿಗೆಮ್ಮ, ಹೊಸಬಾಳೆ."

"ಹಾಂ" ಎಂದು ಅವಳು ಬಸ್ಸಿನ ಕಡೆ ನಡೆದಳು. ಅರ್ಧ ಹುರುಳಿ ಇನ್ನೂ ಹೊಲದಲ್ಲೇ ಇತ್ತು.